ಬಳ್ಳಾರಿಯಲ್ಲಿ ಕೊಂಡ ಹರ್ಡಲ್‌ಗಳು: ಬಳಸಿ ನೋಡಿದ ಅಭಿಪ್ರಾಯ

ಬಳ್ಳಾರಿಯ ಕ್ರೀಡಾ ಸಾಮಗ್ರಿಗಳ ಅಂಗಡಿಯೊಂದರಿಂದ ನಮ್ಮ ಪ್ರೌಢಶಾಲೆಗೆ ತರಿಸಿದ, ಎತ್ತರ ಬದಲಿಸಬಹುದಾದ ಕಬ್ಬಿಣದ ಹರ್ಡಲ್‌ಗಳು (ಓಡುತ್ತ ಜಿಗಿದು ದಾಟುವ ತಡೆಗಳು) ಬೆಲೆಗೆ ತಕ್ಕಷ್ಟು ಗಟ್ಟಿಮುಟ್ಟಾಗಿವೆ. ಮಹಿಳೆಯರ 100 ಮೀಟರ್ ಹರ್ಡಲ್ಸ್ ಓಟಕ್ಕೆ ಬೇಕಾದ 83.8 ಸೆಂ.ಮೀ. ಗುರುತು ನಿಖರವಾಗಿದ್ದು, ಪಟ್ಟಿ ಅಲುಗಾಡದೆ ನಿಲ್ಲುತ್ತದೆ.

ಕೊರತೆ ಇರುವುದು ಬುಡದಲ್ಲಿ. ನಿಯಮದಂತೆ ಮೇಲಿನ ಪಟ್ಟಿಯ ನಡುವೆ 3.6ರಿಂದ 4 ಕೆ.ಜಿ.ಯಷ್ಟು ಬಲ ಬಿದ್ದರೆ ಹರ್ಡಲ್ ಮಗುಚಬೇಕು; ಅದಕ್ಕಾಗಿಯೇ ಎತ್ತರ ಬದಲಿಸಿದಾಗಲೆಲ್ಲ ಬುಡದ ತೂಕವನ್ನೂ ಸರಿಸಬೇಕಾಗುತ್ತದೆ. ನಮಗೆ ಬಂದವುಗಳಲ್ಲಿ ಕೆಲವಕ್ಕೆ ಆ ತೂಕದ ಜಾಡಿನಲ್ಲಿ ಕೆಂಪು ದೂಳು ಸೇರಿ, ತುಕ್ಕು ಹಿಡಿದು, ಸುತ್ತಿಗೆಯಿಂದ ಬಡಿದರೂ ಅದು ಜಗ್ಗುವುದಿಲ್ಲ. ಕಾಲು ತಗುಲಿದರೆ ಹರ್ಡಲ್ ನಿಂತೇ ಇರುತ್ತದೆ, ಹುಡುಗಿ ಬೀಳುತ್ತಾಳೆ.

ಬಿದ್ದ ಮಕ್ಕಳು ಮುಂದಿನ ಸಲ ಹೆದರಿ ಅಗತ್ಯಕ್ಕಿಂತ ಮೇಲೆ ಜಿಗಿಯುತ್ತಾರೆ, ಗಾಳಿಯಲ್ಲೇ ಸಮಯ ಕಳೆಯುತ್ತಾರೆ. ಈ ಓಟದಲ್ಲಿ ಸಮಯದ ಬೆಲೆ ಎಷ್ಟೆಂಬುದಕ್ಕೆ, ಈಗ ನಿವೃತ್ತರಾಗಿರುವ ಸ್ಲೊವೇನಿಯಾದ ಬ್ರಿಗಿಟಾ ಬುಕೊವೆಟ್ಸ್ ಅವರ ಬೆಳ್ಳಿ ಪದಕವೇ ಸಾಕ್ಷಿ: 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, 8.5 ಮೀಟರ್ ಅಂತರದ ಹತ್ತು ಹರ್ಡಲ್‌ಗಳನ್ನು ದಾಟಿ 12.59 ಸೆಕೆಂಡಿನಲ್ಲಿ ಗುರಿ ಮುಟ್ಟಿದ ಅವರು, ಸ್ವೀಡನ್ನಿನ ಲುಡ್ಮಿಲಾ ಎಂಗ್‌ಕ್ವಿಸ್ಟ್ ಅವರಿಗಿಂತ ಹಿಂದುಳಿದದ್ದು ಕೇವಲ 0.01 ಸೆಕೆಂಡು. ಆ ಓಟದ ದೃಶ್ಯವನ್ನು ಮಕ್ಕಳಿಗೆ ತೋರಿಸುವುದು ಯಾವ ತರಬೇತಿ ಪುಸ್ತಕಕ್ಕಿಂತಲೂ ಮೇಲು.

ಅಂಗಡಿಯವರು ಮರ್ಯಾದಸ್ತರು, ಬುಡಗಳನ್ನು ಬದಲಿಸಿಕೊಡಲು ಒಪ್ಪಿದ್ದಾರೆ. ಸಾಗಣೆ ಖರ್ಚು ಮಾತ್ರ ನಮ್ಮದೇ. ಕೊಳ್ಳುವವರು ದುಡ್ಡು ಕೊಡುವ ಮೊದಲು ಪ್ರತಿಯೊಂದನ್ನೂ ಅಂಗಡಿಯ ಮುಂದೆಯೇ ನೂಕಿ, ಮಗುಚಿ ನೋಡುವುದು ಒಳಿತು.