ಎಬಿಸಿ ಸ್ಕೋರ್: ಕರಾವಳಿಯ ಕ್ಯಾಶುವಾಲ್ಟಿಗೆ ಎಷ್ಟು ಹೊಂದುತ್ತದೆ?

ಅಲ್ಟ್ರಾಸೌಂಡ್ ಬಿಟ್ಟರೆ ಬೇರೆ ಯಂತ್ರ ಬೇಡ, ಲ್ಯಾಬ್ ರಿಪೋರ್ಟಿಗೆ ಕಾಯಬೇಕಿಲ್ಲ, ಕಾಸೂ ಖರ್ಚಿಲ್ಲ. ತೀವ್ರವಾಗಿ ಗಾಯಗೊಂಡವರಿಗೆ ಭಾರೀ ಪ್ರಮಾಣದ ರಕ್ತ ಬೇಕಾದೀತೇ ಎಂದು ಮೊದಲ ಐದು ನಿಮಿಷದಲ್ಲೇ ಅಂದಾಜಿಸಲು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಬಿಸಿ ಸ್ಕೋರ್ ಬಹಳ ಸುಲಭ. ಕೇಳುವುದು ನಾಲ್ಕೇ ಪ್ರಶ್ನೆ: ಚುಚ್ಚಿದ ಅಥವಾ ಗುಂಡಿನ ಗಾಯ, ಮೇಲಿನ ಬಿಪಿ 90 ಅಥವಾ ಅದಕ್ಕಿಂತ ಕಡಿಮೆ, ನಾಡಿ 120 ಅಥವಾ ಹೆಚ್ಚು, ಫಾಸ್ಟ್ ಸ್ಕ್ಯಾನಿನಲ್ಲಿ (ಹೊಟ್ಟೆ, ಹೃದಯದ ಸುತ್ತ ನೋಡುವ ತುರ್ತು ಅಲ್ಟ್ರಾಸೌಂಡ್) ರಕ್ತ. ಒಂದೊಂದಕ್ಕೂ 1 ಅಂಕ. 2 ಅಥವಾ ಹೆಚ್ಚು ಬಂದರೆ ಬ್ಲಡ್ ಬ್ಯಾಂಕಿಗೆ ಫೋನ್ ಹೋಗಬೇಕು. ಭಾರೀ ಎಂದರೆ ಇಲ್ಲಿ 24 ಗಂಟೆಯೊಳಗೆ 10 ಯೂನಿಟ್ ಕೆಂಪುಕಣ.

ತೊಡಕಿರುವುದು ಮೊದಲ ಪ್ರಶ್ನೆಯಲ್ಲೇ. ತಲಪಾಡಿಯಿಂದ ಕುಂದಾಪುರದವರೆಗಿನ ಹೆದ್ದಾರಿ 66ರ ಬೈಕ್ ಅಪಘಾತವಿರಲಿ, ಅಡಿಕೆ ಮರದಿಂದ ಬಿದ್ದದ್ದಿರಲಿ, ನಮ್ಮಲ್ಲಿ ಬರುವ ಗಾಯಾಳುಗಳಲ್ಲಿ ಹೆಚ್ಚಿನವರದು ಗುದ್ದಿದ, ಜಜ್ಜಿದ ಪೆಟ್ಟು. ಆ ಅಂಕ ಅವರಿಗೆ ಸಿಗುವುದೇ ಇಲ್ಲ. ಉಳಿದ ಮೂರರಲ್ಲೇ ಎರಡು ಗಳಿಸಬೇಕು. ಬಿಪಿ 100, ನಾಡಿ 118, ಸೊಂಟದ ಮೂಳೆ ಮುರಿದಿದೆ, ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದುಕೊಳ್ಳಿ: ಸ್ಕೋರ್ ಸೊನ್ನೆ. ಆದರೆ ನಾಡಿಯನ್ನು ಬಿಪಿಯಿಂದ ಭಾಗಿಸಿದರೆ 1.18. ಇದೇ ಶಾಕ್ ಇಂಡೆಕ್ಸ್. ಆರೋಗ್ಯವಂತರಲ್ಲಿ ಇದು 0.5ರಿಂದ 0.7, 1 ದಾಟಿದರೆ ರಕ್ತ ಸೋರುತ್ತಿದೆ ಎಂದೇ ಹಿಡಿದು ನಡೆಯಬೇಕು. ಹಾಗಾಗಿ ನಮ್ಮ ಸಲಹೆ ಸ್ಪಷ್ಟ: ಎಬಿಸಿಯನ್ನು ಒಂಟಿಯಾಗಿ ಬಳಸಬೇಡಿ.

ಸ್ಕ್ಯಾನಿಗೂ ಮಿತಿಯಿದೆ. ಹೊಟ್ಟೆಯೊಳಗೆ, ಹೃದಯದ ಸುತ್ತ ಶೇಖರವಾದ ರಕ್ತವನ್ನು ಅದು ತೋರಿಸುತ್ತದೆ. ಸೊಂಟದ ಹಿಂಭಾಗದಲ್ಲಿ, ಕಿಬ್ಬೊಟ್ಟೆಯ ಹಿಂದುಗಡೆ ಇಂಗುವ ರಕ್ತವನ್ನು ತೋರಿಸದು. ತೊಡೆಮೂಳೆ ಒಂದು ಮುರಿದರೂ ಒಂದು ಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸ್ನಾಯುಗಳೊಳಗೇ ಹೋಗಿರುತ್ತದೆ.

ನಾಡಿಯೂ ಮೋಸ ಮಾಡುತ್ತದೆ. ನಾಡಿಯನ್ನು ನಿಧಾನಿಸುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ನುಂಗುವ ಹಿರಿಯರಲ್ಲಿ ಅದು 90 ದಾಟದಿರಬಹುದು. ಮನೆಯವರನ್ನು ಮಾತ್ರೆಯ ಬಗ್ಗೆ ಮೊದಲೇ ಕೇಳಿ. ಮರದಿಂದ ಬಿದ್ದು ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಬಿಪಿ ಕುಸಿದರೂ ನಾಡಿ ನಿಧಾನವಾಗಿಯೇ ಇರುತ್ತದೆ. ಅಲ್ಲಿ ಸ್ಕೋರೂ ಸೋಲುತ್ತದೆ, ಶಾಕ್ ಇಂಡೆಕ್ಸೂ ಸೋಲುತ್ತದೆ. ಬೇರೆಲ್ಲೂ ರಕ್ತಸ್ರಾವವಿಲ್ಲ ಎಂದು ಖಚಿತವಾಗುವವರೆಗೆ ಬೆನ್ನುಹುರಿಯ ಮೇಲೆ ಹೊಣೆ ಹಾಕಬೇಡಿ. ಹಿಮೋಗ್ಲೋಬಿನ್ 13 ಇದೆ ಎಂದು ಸಮಾಧಾನಪಡುವುದಂತೂ ದೊಡ್ಡ ತಪ್ಪು: ಕಣವೂ ದ್ರವವೂ ಒಟ್ಟಿಗೇ ಹೋಗುವುದರಿಂದ ಆರಂಭದಲ್ಲಿ ಆ ಅಂಕಿ ಇಳಿಯುವುದಿಲ್ಲ.

ಜರ್ಮನಿಯ ಟ್ಯಾಶ್ ಸ್ಕೋರ್ ಹೆಚ್ಚು ಸೂಕ್ಷ್ಮವಾದದ್ದು, ಮೂಳೆಮುರಿತವನ್ನೂ ಎಣಿಸುತ್ತದೆ. ಆದರೆ ರಕ್ತದ ಆಮ್ಲೀಯತೆ ತಿಳಿಸುವ ಬೇಸ್ ಎಕ್ಸೆಸ್‌ಗಾಗಿ ಬ್ಲಡ್ ಗ್ಯಾಸ್ ಯಂತ್ರ ಬೇಕು. ತಾಲೂಕು ಆಸ್ಪತ್ರೆಗೆ ಅದು ಹೊಂದುವುದಿಲ್ಲ.

ಎಬಿಸಿಯಲ್ಲಿ 2 ಅಥವಾ ಹೆಚ್ಚು ಅಂಕ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೊನೆಗೆ ಅಷ್ಟು ರಕ್ತ ಬೇಕಾಗುವುದಿಲ್ಲ. ಇದನ್ನು ದೋಷವೆಂದು ನಾವು ಎಣಿಸುವುದಿಲ್ಲ. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ 37 ಡಿಗ್ರಿ ನೀರಿನಲ್ಲಿ ಕರಗಲು 20ರಿಂದ 30 ನಿಮಿಷ, ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಪೂರ್ತಿ ಕ್ರಾಸ್‌ಮ್ಯಾಚಿಗೆ ಮುಕ್ಕಾಲು ಗಂಟೆ ಬೇಕು. ತಡವಾಗಿ ಕರೆದರೆ ಆ ಹೊತ್ತನ್ನು ಯಾರೂ ಮರಳಿ ಕೊಡಲಾರರು. ಗುಂಪು ತಿಳಿಯುವ ಮುನ್ನ ತುರ್ತಿಗೆ ಕೊಡುವ ಓ ನೆಗೆಟಿವ್ ರಕ್ತ ಹಾಕುವ ಮೊದಲೇ ನೇರಳೆ ಮುಚ್ಚಳದ ಟ್ಯೂಬಿಗೆ ರೋಗಿಯ ರಕ್ತ ತೆಗೆದಿಡಿ. ಆಮೇಲೆ ತೆಗೆದರೆ ಗುಂಪು ಗೊಂದಲವಾಗುತ್ತದೆ. ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್‌ಗೆ ಸ್ಕೋರಿನ ಅಪ್ಪಣೆ ಬೇಡ: ರಕ್ತಸ್ರಾವದ ಶಂಕೆಯಿದ್ದರೆ ಗಾಯವಾದ 3 ಗಂಟೆಯೊಳಗೆ 1 ಗ್ರಾಂ 10 ನಿಮಿಷದಲ್ಲಿ, ಮತ್ತೆ 1 ಗ್ರಾಂ ನಿಧಾನವಾಗಿ 8 ಗಂಟೆಗಳ ಅವಧಿಯಲ್ಲಿ.

ಈ ಸ್ಕೋರ್ ನಿಜವಾಗಿ ಬೆಲೆಬಾಳುವುದು ಕುಂದಾಪುರ, ಕಾರ್ಕಳದಂಥ ಕಡೆಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಕಳಿಸುವಾಗ. ಆಂಬುಲೆನ್ಸ್ ಹೊರಡುವ ಮುನ್ನ ಅಲ್ಲಿನ ಕ್ಯಾಶುವಾಲ್ಟಿಗೆ ಫೋನ್ ಮಾಡಿ ಬಿಪಿ, ನಾಡಿ, ಸ್ಕ್ಯಾನ್, ಸೊಂಟದ ಸ್ಥಿತಿ, ಟ್ರಾನೆಕ್ಸಾಮಿಕ್ ಕೊಟ್ಟ ಸಮಯ ಹೇಳಿ. ರೋಗಿ ದಾರಿಯಲ್ಲಿರುವಾಗಲೇ ಪ್ಲಾಸ್ಮಾ ಕರಗಲು ಶುರುವಾಗುತ್ತದೆ.