ಐಸ್‌ಲ್ಯಾಂಡಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ

ಕಳೆದ ಜೂನ್‌ನಲ್ಲಿ ಐಸ್‌ಲ್ಯಾಂಡ್‌ನಲ್ಲಿ ನಾವು ನಮ್ಮಮ್ಮನಿಗೆ ಮೂರು ದಿನ ದನದ ಬಾಡು, ಹಂದಿ ಬಾಡು ತಿನ್ನಿಸಿದೆವು. ಬೇಕಂತ ಅಲ್ಲ, ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಿತ್ತು, ಮಾಡಿಕೊಳ್ಳಲಿಲ್ಲ. ಈಗ ನಮ್ಮ ಕಡೆಯವರು ತುಂಬಾ ಜನ ಯುರೋಪಿಗೆ ಹೋದಾಗ ಹಿರಿಯರನ್ನೂ ಕರೆದುಕೊಂಡು ಐಸ್‌ಲ್ಯಾಂಡ್ ತನಕ ಹೋಗಿ ಬರುತ್ತಿದ್ದಾರೆ. ಅವರ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅಮ್ಮ ಚಾಮರಾಜನಗರದ ಕಡೆಯವರು. ಕುರಿ, ಕೋಳಿ, ಮೀನು ತಿನ್ನುತ್ತಾರೆ. ಸೋಮವಾರ ಮಾದಪ್ಪನ ವಾರ, ಅವತ್ತು ಮನೆಯಲ್ಲಿ ಮೊಟ್ಟೆಯನ್ನೂ ಒಡೆಯುವ ಹಾಗಿಲ್ಲ. ಊರಿನ ಮನೆಯಲ್ಲಿ ಈಗಲೂ ಎರಡು ಹಸು ಇವೆ. ಹಸು ಕರು ಹಾಕುವ ರಾತ್ರಿ ಅಮ್ಮ ಕೊಟ್ಟಿಗೆಯಲ್ಲೇ ಕೂತಿರುತ್ತಾರೆ. ದನ, ಹಂದಿ ತಿನ್ನುವವರ ಮೇಲೆ ಅವರಿಗೂ ನನಗೂ ಯಾವ ತಕರಾರೂ ಇಲ್ಲ, ಅದು ಅವರವರ ಊಟ. ಆದರೆ ಒಬ್ಬರು 68 ವರ್ಷ ಬಾಯಿಗೆ ಇಡದೇ ಇದ್ದದ್ದನ್ನು ಅವರಿಗೆ ತಿಳಿಯದ ಹಾಗೆ ಕೈಗೆ ಕೊಡುವುದು ತಪ್ಪು, ಅಲ್ವಾ?

ನನ್ನ ತಮ್ಮ ಕೋಪನ್‌ಹೇಗನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ಗೆ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ಅಮ್ಮ, ತಮ್ಮ ಸೇರಿ ಐದು ಜನ. ಮೊದಲ ದಿನವೇ ಹೋಟೆಲುಗಳ ಬೆಲೆ ನೋಡಿ ಗಾಬರಿಯಾಯಿತು. ಒಂದು ಬಟ್ಟಲು ಸೂಪಿಗೆ ಸುಮಾರು ಎರಡು ಸಾವಿರ ರೂಪಾಯಿ. ಒಬ್ಬರ ಊಟಕ್ಕೆ ಮೂರು, ನಾಲ್ಕು ಸಾವಿರ. ಹೀಗಿರುವಾಗ ಅಲ್ಲಿ ಜೇಬಿಗೆ ಹಗುರವಾಗಿ ಸಿಗುವ ಬಿಸಿ ತಿಂಡಿ ಅಂದರೆ ಹಾಟ್‌ಡಾಗ್. ಅಲ್ಲಿಯವರು ಅದನ್ನು ಪಿಲ್ಸಾ ಅನ್ನುತ್ತಾರೆ. ಬನ್ನಿನೊಳಗೆ ಹಸಿ ಈರುಳ್ಳಿ, ಗರಿಗರಿ ಹುರಿದ ಈರುಳ್ಳಿ, ಕೆಚಪ್, ಸಿಹಿ ಸಾಸಿವೆ, ರೆಮುಲಾಡ್ ಅನ್ನುವ ಬಿಳಿ ಸಾಸ್, ನಡುವೆ ಉದ್ದದ ಸಾಸೇಜ್. ಹೋದ ಕಡೆಯೆಲ್ಲಾ, ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ.

ಹೋಗುವ ಮೊದಲು ನಾವು ಅಲ್ಲಿ ಇಲ್ಲಿ ಓದಿದ್ದು ಒಂದೇ ಮಾತು: ಐಸ್‌ಲ್ಯಾಂಡ್ ಹಾಟ್‌ಡಾಗ್ ಕುರಿಯದ್ದು. ಅಂಗಡಿಯಲ್ಲೂ ತಮ್ಮ ಕೇಳಿದ, 'ಲ್ಯಾಂಬ್ ಅಲ್ವಾ?' ಹುಡುಗ 'ಹೌದು, ಲ್ಯಾಂಬ್' ಅಂದ. ಅವನು ಸುಳ್ಳು ಹೇಳಲಿಲ್ಲ. ಅದರಲ್ಲಿ ಕುರಿಯೇ ಜಾಸ್ತಿ. ಆದರೆ ಜೊತೆಗೆ ದನ, ಹಂದಿ ಎರಡನ್ನೂ ಬೆರೆಸಿರುತ್ತಾರೆ. ಪಿಲ್ಸಾ ಮಾಡುವ ಪದ್ಧತಿಯೇ ಹಾಗೆ. ನಾವು ಕೇಳಬೇಕಿದ್ದ ಪ್ರಶ್ನೆ 'ಬರೀ ಕುರಿನಾ? ಬೇರೆ ಏನು ಸೇರಿದೆ?' ಅಂತ. ಅದನ್ನು ಒಂದು ಸಲವೂ ಕೇಳಲಿಲ್ಲ.

ಮೂರನೆಯ ದಿನ ದಕ್ಷಿಣದ ವೀಕ್ ಊರಿನ ಹತ್ತಿರ ಅಡುಗೆಮನೆ ಇರುವ ಸಣ್ಣ ಮನೆ ಹಿಡಿದಿದ್ದೆವು. ಅಮ್ಮನಿಗೆ ಪಿಲ್ಸಾ ಇಷ್ಟವಾಗಿತ್ತು ಅಂತ ಸೂಪರ್ ಮಾರ್ಕೆಟ್‌ನಿಂದ ಒಂದು ಪ್ಯಾಕೆಟ್ ತಂದೆವು. ಎಷ್ಟು ನಿಮಿಷ ಕುದಿಸಬೇಕು ಅಂತ ನೋಡಲು ತಮ್ಮ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿದ. 'ಅಕ್ಕಾ, ಸ್ವಲ್ಪ ಬಾ ಇಲ್ಲಿ' ಅಂದ. ಪದಾರ್ಥಗಳ ಸಾಲಿನಲ್ಲಿ ಕುರಿ, ದನ, ಹಂದಿ ಮೂರೂ ಇದ್ದವು.

ಹೇಳುವುದು ಬೇಡ, ಸುಮ್ನೆ ಪ್ಯಾಕೆಟ್ ಎಸೆದುಬಿಡೋಣ ಅಂದರು ಯಜಮಾನರು. ನನಗೆ ಆಗಲಿಲ್ಲ. ಹೇಳಿದೆ. ಅಮ್ಮ ಒಲೆ ಆರಿಸಿ ಬೆರಳಲ್ಲಿ ಎಣಿಸಿದರು. ಮೊದಲ ದಿನ ಎರಡು, ನಿನ್ನೆ ಎರಡು, ಇವತ್ತು ದಾರಿಯಲ್ಲಿ ಒಂದು. ಆಮೇಲೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು. ಒದ್ದೆ ಕೂದಲಲ್ಲೇ ಕಿಟಕಿ ಹತ್ತಿರ ಕೂತರು. ಜೂನ್‌ನಲ್ಲಿ ಅಲ್ಲಿ ಸರಿಯಾಗಿ ಕತ್ತಲೇ ಆಗುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಬೆಳಕಿತ್ತು, ಅಮ್ಮ ಹಾಗೇ ಕೂತಿದ್ದರು. 'ಹೋಗ್ಲಿ ಬುಡು ಕೂಸು, ನೀವೇನು ಬೇಕಂತ ಮಾಡಿದ್ರಾ. ಊರಿಗೋದ್ಮೇಲೆ ಬೆಟ್ಟಕ್ಕೋಗ್ಬರಣ' ಅಂದರು. ಮರುದಿನ ಮಧ್ಯಾಹ್ನದ ತನಕ ಏನೂ ತಿನ್ನಲಿಲ್ಲ. ಊರಿಗೆ ಬಂದ ಮರುವಾರವೇ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬಂದೆವು. ಅಮ್ಮ ಆ ವಿಷಯ ಮತ್ತೆ ಎತ್ತಿಲ್ಲ. ನನಗೆ ಮಾತ್ರ ಬೆರಳು ಎಣಿಸಿದ್ದು ಕಣ್ಣ ಮುಂದಿನಿಂದ ಹೋಗಿಲ್ಲ.

ಇದಕ್ಕೆ ಒಂದು ದಿನ ಮೊದಲೇ ಇನ್ನೊಂದು ತಪ್ಪು ಆಗಿತ್ತು. ಅವತ್ತು ಬೆಳಿಗ್ಗೆ ರೇಕ್ಯಾವಿಕ್‌ನ ಹಳೇ ಬಂದರಿನಿಂದ ದೋಣಿಯಲ್ಲಿ ತಿಮಿಂಗಿಲ ನೋಡಲು ಹೋಗಿದ್ದೆವು. ಕಿತ್ತಳೆ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳೂ ಸಿಕ್ಕವು. ಮಗಳು ಮೂವತ್ತೊಂದರ ತನಕ ಎಣಿಸಿದಳು. ಸಂಜೆ ಒಂದು ಹೋಟೆಲಿನಲ್ಲಿ 'ಇಲ್ಲಿಯ ವಿಶೇಷ ರುಚಿಗಳು' ಅಂತ ಒಂದು ತಟ್ಟೆ ತರಿಸಿದೆವು. ತಂದಿಟ್ಟವರು ಒಂದೊಂದನ್ನೂ ತೋರಿಸಿ ಅವರ ಭಾಷೆಯ ಹೆಸರು ಹೇಳಿದರು. ನಾವು ತಲೆ ಆಡಿಸಿದೆವು. ಅಮ್ಮ ಬರೀ ಬ್ರೆಡ್ಡು ಬೆಣ್ಣೆ ತಿಂದರು. ಮಗಳು ಹೊಗೆಯಾಡಿಸಿದ ಕಪ್ಪು ಚೂರು ರುಚಿಯಾಗಿದೆ ಅಂತ ಎರಡು ತಿಂದಳು. ಮಾರನೆಯ ದಿನ ಕಾರಿನಲ್ಲಿ ಬಿಲ್ಲು ತೆಗೆದು ಹೆಸರುಗಳನ್ನು ಹುಡುಕಿದಾಗ ಗೊತ್ತಾಯಿತು. ಲುಂಡಿ ಅಂದರೆ ಪಫಿನ್. ಹ್ರೆಪ್ನಾ ಅಂದರೆ ಮಿಂಕಿ ತಿಮಿಂಗಿಲ. ಬೆಳಿಗ್ಗೆ ಯಾವುದನ್ನು ನೋಡಲು ಹೋಗಿದ್ದೆವೋ ಅದನ್ನೇ ಸಂಜೆ ತಿಂದಿದ್ದೆವು. ಮಗಳು ದಾರಿಯುದ್ದಕ್ಕೂ ಅತ್ತಳು.

ಆ ತಟ್ಟೆಯಲ್ಲಿದ್ದ ಮೂರನೆಯದು ಹೌಕಾರ್ಟ್ಲ್, ಹುದುಗಿಸಿದ ಶಾರ್ಕ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗ್ರೀನ್‌ಲ್ಯಾಂಡ್ ಶಾರ್ಕ್‌ನ ಹಸಿ ಮಾಂಸ ವಿಷ. ಅದರಲ್ಲಿ ಯೂರಿಯಾ ತುಂಬಾ ಇರುತ್ತದೆ, ಜೊತೆಗೆ ಟ್ರೈಮೀಥೈಲಮೀನ್ ಆಕ್ಸೈಡ್ ಅನ್ನುವ ರಾಸಾಯನಿಕವೂ ಇರುತ್ತದೆ. ಅದಕ್ಕೇ ಹಿಂದಿನವರು ಮಾಂಸವನ್ನು ಜಲ್ಲಿ ಗುಂಡಿಯಲ್ಲಿ ಹಾಕಿ, ಮೇಲೆ ಕಲ್ಲು ಹೇರಿ, ಕೆಲವು ವಾರ ನೀರು ಬಸಿಯಲು ಬಿಡುತ್ತಿದ್ದರು. ಆಮೇಲೆ ಗಾಳಿಯಾಡುವ ಕೊಟ್ಟಿಗೆಯಲ್ಲಿ ನಾಲ್ಕೈದು ತಿಂಗಳು ತೂಗು ಹಾಕಿ ಒಣಗಿಸುತ್ತಿದ್ದರು. ಉಪ್ಪು ಸಿಗದ ನಾಡಿನಲ್ಲಿ ಚಳಿಗಾಲ ದಾಟಲು ಕಂಡುಕೊಂಡ ದಾರಿ ಅದು. ಅದರ ಮೇಲೆ ನನಗೆ ಗೌರವವಿದೆ. ಆದರೆ ಬಾಯಿಗಿಟ್ಟರೆ ಅಮೋನಿಯಾ ಘಾಟು ಮೂಗಿನ ತನಕ ಏರುತ್ತದೆ. ಅಲ್ಲಿಯವರು ಕಡ್ಡಿಗೆ ಚುಚ್ಚಿದ ಸಣ್ಣ ಚೂರು ಒಂದೆರಡು ತಿನ್ನುತ್ತಾರೆ, ಅದೂ ಮುಖ್ಯವಾಗಿ ಜನವರಿ ಕೊನೆಯಲ್ಲಿ ಬರುವ ಥೋರಿ ಮಾಸದ ಊಟಗಳಲ್ಲಿ. ಯಜಮಾನರು ಖಾಲಿ ಹೊಟ್ಟೆಯಲ್ಲಿ ನಾಲ್ಕು ಚೂರು ತಿಂದರು. ಅವರಿಗೆ ಮೊದಲೇ ಗ್ಯಾಸ್ಟ್ರಿಕ್ ಇದೆ. ಆ ರಾತ್ರಿ ಆರು ಸಲ ವಾಂತಿ. ಔಷಧಿ ಅಂಗಡಿ ಮುಚ್ಚಿತ್ತು, ಜ್ಯೂಸಿಗೆ ಉಪ್ಪು ಹಾಕಿ ಕುಡಿಸುತ್ತಾ ಬೆಳಗು ಮಾಡಿದೆವು. ಅಲ್ಲಿ ತುರ್ತು ಕರೆಗೆ 112, ಆರೋಗ್ಯದ ಸಲಹೆ ಕೇಳಲು 1700. ಹೋಗುವ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಬಸುರಿಯರು, ಚಿಕ್ಕ ಮಕ್ಕಳು ಶಾರ್ಕ್ ಮತ್ತು ತಿಮಿಂಗಿಲ ಎರಡನ್ನೂ ತಿನ್ನಲೇಬಾರದು. ದೊಡ್ಡ ಬೇಟೆ ಪ್ರಾಣಿಗಳ ಮೈಯಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಪಕ್ಕದ ಫಾರೋ ದ್ವೀಪಗಳಲ್ಲಿ ತಿಮಿಂಗಿಲ ತಲೆತಲಾಂತರದ ಊಟ. ಅಲ್ಲಿಯ ಆರೋಗ್ಯ ಅಧಿಕಾರಿಗಳೇ 2008ರಲ್ಲಿ ಪೈಲಟ್ ತಿಮಿಂಗಿಲ ತಿನ್ನಬೇಡಿ ಅಂತ ತಮ್ಮ ಜನರಿಗೆ ಹೇಳಿದರು. ಇನ್ನು ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 272 ವರ್ಷ ಬದುಕುತ್ತದೆ ಅಂತ 2016ರ ಒಂದು ಅಧ್ಯಯನ ಹೇಳಿದೆ. ಮರಿ ಹಾಕುವ ಹಂತಕ್ಕೆ ಬರಲು ಅದಕ್ಕೆ ಸುಮಾರು ನೂರೈವತ್ತು ವರ್ಷ ಬೇಕು. ಊರಿಗೆ ಬಂದಮೇಲೆ ಇದನ್ನು ಓದಿದೆ. ಮೊದಲೇ ಓದಿದ್ದರೆ ಆ ತಟ್ಟೆ ತರಿಸುತ್ತಲೇ ಇರಲಿಲ್ಲ.

ಈಗ ಅಕ್ಷರಗಳ ವಿಷಯ. ಅಲ್ಲಿ ಪ್ಯಾಕೆಟ್‌ಗಳ ಮೇಲೆ ಬಹಳಷ್ಟು ಸಲ ಐಸ್‌ಲ್ಯಾಂಡಿಕ್ ಭಾಷೆ ಮಾತ್ರ ಇರುತ್ತದೆ. ಅಲರ್ಜಿಯ ಪದಾರ್ಥಗಳನ್ನು, ಅಂದರೆ ಹಾಲು, ಮೊಟ್ಟೆ, ಮೀನು, ಗೋಧಿ ಇಂಥವನ್ನು, ಎದ್ದು ಕಾಣುವ ಹಾಗೆ ಅಚ್ಚು ಹಾಕಿರುತ್ತಾರೆ. ಮಾಂಸ ಯಾವುದು ಅನ್ನುವುದು ಹಾಗೆ ಎದ್ದು ಕಾಣುವುದಿಲ್ಲ, ನೀವೇ ಹುಡುಕಬೇಕು. ಹಂದಿಗೆ ಸ್ವೀನ್: ಎಸ್, ವಿ, ಐ, ಎನ್ ಅಕ್ಷರಗಳು, ಐ ಮೇಲೆ ಒಂದು ಗೀಟು. ದನಕ್ಕೆ ನೋಯ್ತ್: ಎನ್, ಎ, ಯು, ಟಿ. ಕುದುರೆಗೆ ಹ್ರೊಸ್: ಎಚ್, ಆರ್, ಓ, ಎಸ್, ಎಸ್. ಹೌದು, ಅಲ್ಲಿ ಕುದುರೆ ಮಾಂಸ ಮಾಮೂಲಿ. ಬ್ಯೂಗು ಅನ್ನುವ ಹೊಗೆಯಾಡಿಸಿದ ದಪ್ಪ ಸಾಸೇಜ್‌ನಲ್ಲಿ ಅದು ಇರಬಹುದು. ಕುದುರೆ ಮರಿಯ ಮಾಂಸವಾದರೆ ಫೊಲಾಲ್ಡ್ ಅಂತ ಶುರುವಾಗುತ್ತದೆ. ಕುರಿಗೆ ಲಾಂಬ್ ಅಥವಾ ಕಿಂಡಾ. ಇವುಗಳ ಬಾಲಕ್ಕೆ ಕ್ಯೊತ್ ಸೇರಿದರೆ ಮಾಂಸ ಅಂತ ಅರ್ಥ. ಲಾಂಬ್ ಅಂತ ಕಂಡ ಕೂಡಲೇ ನಿಲ್ಲಿಸಬೇಡಿ, ಸಾಲಿನ ಕೊನೆ ತನಕ ಓದಿ. ನಾವು ಎಡವಿದ್ದೇ ಅಲ್ಲಿ.

ಪೂರ್ತಿ ಸಸ್ಯಾಹಾರಿಗಳಿಗೆ ಕಷ್ಟ ಇನ್ನೂ ಜಾಸ್ತಿ. ತರಕಾರಿ ಸೂಪ್ ಅಂದರೂ ನೀರು ಮೂಳೆ ಬೇಯಿಸಿದ್ದೋ ಅಂತ ಕೇಳಿ. ನಮ್ಮ ಗಟ್ಟಿ ಮೊಸರಿನ ಹಾಗಿರುವ ಸ್ಕಿರ್‌ಗೆ ಹಳೇ ಪದ್ಧತಿಯಲ್ಲಿ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವುದನ್ನು ಹಾಕುತ್ತಾರೆ, ಅದನ್ನೂ ವಿಚಾರಿಸಿ. ಅವಲಕ್ಕಿ, ಚಟ್ನಿಪುಡಿ, ರವೆ ಕೈಯಲ್ಲಿರಲಿ.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಸಿ ನೀರು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ನೆಲದೊಳಗಿನ ಗಂಧಕದ್ದು. ಹೆದರಿ ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ತಣ್ಣೀರಿನ ನಲ್ಲಿಯದು ಬೇರೆ, ತುಂಬಾ ಒಳ್ಳೆಯ ನೀರು. ಸ್ವಲ್ಪ ಹೊತ್ತು ತಣ್ಣಗೆ ಹರಿಯಲು ಬಿಟ್ಟು ಹಿಡಿದುಕೊಳ್ಳಿ.

ಆ ದೇಶದ ಊಟವೇ ಕೆಟ್ಟದ್ದು ಅಂತ ಖಂಡಿತ ತಿಳಿಯಬೇಡಿ. ವಿಷಯ ಗೊತ್ತಾದ ಮೇಲೆ ನಾವು ಕೇಳಿ ಕೇಳಿ ತಿಂದೆವು, ಆಗಲೇ ನಿಜವಾದ ರುಚಿ ಸಿಕ್ಕಿದ್ದು. ಬಿಸಿನೀರಿನ ಬುಗ್ಗೆ ಪಕ್ಕದ ಮಣ್ಣಿನಲ್ಲಿ ಒಂದು ದಿನ ಹೂತಿಟ್ಟು ಬೇಯಿಸುವ ಕಪ್ಪು ರೈ ಬ್ರೆಡ್, ಮೇಲೆ ಬೆಣ್ಣೆ. ಮೀನು, ಆಲೂಗಡ್ಡೆ ಮಸೆದು ಮಾಡುವ ಪ್ಲೊಕ್‌ಫಿಸ್ಕುರ್. ಕುರಿ ಮೂಳೆ, ಬೇರು ತರಕಾರಿ ಹಾಕಿದ ಕ್ಯೊತ್‌ಸೂಪಾ. ಒಂದು ಸೂಪರ್ ಮಾರ್ಕೆಟ್‌ನಲ್ಲಿ ಸ್ವಿದ್ ಸಿಕ್ಕಿತು. ಕುರಿ ತಲೆಯ ಕೂದಲು ಸುಟ್ಟು, ಎರಡು ಹೋಳು ಮಾಡಿ ಬೇಯಿಸಿದ್ದು. ಪ್ರವಾಸಿಗರು ಅದನ್ನು ನೋಡಿಯೇ ಮುಖ ತಿರುಗಿಸುತ್ತಾರೆ. ಅಮ್ಮ ಮಾತ್ರ ಹತ್ತಿರ ಹೋಗಿ ನೋಡಿ, 'ಸುಟ್ಟಿರೋದು ಚೆನ್ನಾಗಿ ಸುಟ್ಟವ್ರೆ, ಖಾರ ಒಂದಿಲ್ಲ' ಅಂದರು. ಮನೆಗೆ ತಂದು ಮೆಣಸು, ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿಕೊಟ್ಟರು. ಆ ಪ್ರವಾಸದಲ್ಲಿ ಅವರು ಹೊಟ್ಟೆ ತುಂಬಾ ಉಂಡಿದ್ದು ಅವತ್ತು.

ಅಕ್ಷರಗಳನ್ನು ತಮ್ಮ ಒಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ದನ, ಹಂದಿ, ಕುದುರೆ ಅಂತ ಬರೆದು ಅಮ್ಮನಿಗೆ ಕೊಟ್ಟಿದ್ದ. ಹೊರಡುವ ದಿನ ಅಂಗಡಿಯಲ್ಲಿ ಹಾರ್ದ್‌ಫಿಸ್ಕುರ್, ಅಂದರೆ ಅಲ್ಲಿಯ ಒಣಮೀನು, ಕೊಳ್ಳುತ್ತಿದ್ದೆವು. ಅದರಲ್ಲಿ ಮೀನು ಬಿಟ್ಟು ಬೇರೆ ಏನೂ ಇರುವುದಿಲ್ಲ ಅಂತ ನಾನು ಹೇಳಿದೆ. ಅಮ್ಮ ನನ್ನ ಮಾತಿಗೆ ಬಿಡಲಿಲ್ಲ. ಕನ್ನಡಕ ಹಾಕಿಕೊಂಡು, ಚೀಟಿ ಪಕ್ಕಕ್ಕೆ ಪ್ಯಾಕೆಟ್ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೊನೆ ತನಕ ನೋಡಿದರು. ಆಮೇಲೆ ಗಲ್ಲಾದ ಹುಡುಗಿಗೆ ಚೀಟಿ ತೋರಿಸಿ 'ನೋ?' ಅಂತ ಕೇಳಿದರು. ಅವಳು ಓದಿ, ಮೂರರ ಮೇಲೂ ಬೆರಳಿಟ್ಟು 'ನೋ, ನೋ, ನೋ' ಅಂದಳು. ಅಮ್ಮ ಎರಡು ಪ್ಯಾಕೆಟ್ ತೆಗೆದುಕೊಂಡರು.