ಪೋರ್ಚುಗೀಸ್ ಅಂಕಿಗಳ ಪಾಠ: ಒಂದು ಆನ್‌ಲೈನ್ ತರಗತಿಯ ವಿಮರ್ಶೆ

ಲಿಸ್ಬನ್ನಿಗೆ ಹೊರಡುವ ಮುನ್ನ ನಾನು ಸೇರಿದ್ದ ಆನ್‌ಲೈನ್ ಪೋರ್ಚುಗೀಸ್ ತರಗತಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಂಕಿಗಳ ಪಾಠ.

ಆ ಭಾಷೆಯಲ್ಲಿ ಒಂದು, ಎರಡು ಮತ್ತು 200ರಿಂದ 900ರವರೆಗಿನ ನೂರುಗಳು ನಾಮಪದದ ಲಿಂಗವನ್ನು ಅನುಸರಿಸಿ ರೂಪ ಬದಲಿಸುತ್ತವೆ. ಪುಸ್ತಕ ಪುಲ್ಲಿಂಗವಾದ್ದರಿಂದ ಎರಡು ಪುಸ್ತಕಗಳಿಗೆ ‘ದೋಯ್ಶ್’, ಮೇಜು ಸ್ತ್ರೀಲಿಂಗವಾದ್ದರಿಂದ ಎರಡು ಮೇಜುಗಳಿಗೆ ‘ದೂಅಶ್’ ಎನ್ನಬೇಕು. ವ್ಯಕ್ತಿಗಳಿಗಷ್ಟೇ ‘ಇಬ್ಬರು’ ಎನ್ನುವ ನಮಗೆ ಮೇಜಿಗೂ ಲಿಂಗವಿರುವುದು ವಿಚಿತ್ರವೆನಿಸಿದರೂ, ಶಿಕ್ಷಕಿ ಅದನ್ನು ಬಾಯಿಪಾಠ ಮಾಡಿಸದೆ ಅಂಗಡಿಯ ಸಂಭಾಷಣೆಗಳ ಮೂಲಕವೇ ರೂಢಿಸಿದರು. ಸರಿಯಾಗಿ ನೂರಿದ್ದರೆ ‘ಸೆಂ’, ಅದರ ಮೇಲೆ ಒಂದು ಸೇರಿದರೂ ‘ಸೆಂತು’ ಆಗುವುದು ಮಾತ್ರ, ‘ನೂರು’ ಮತ್ತು ‘ನೂರ ಒಂದು’ ಎಂದು ಆಡುವ ನಾಲಿಗೆಗೆ ಕೂಡಲೇ ಒಗ್ಗಿತು. ಬ್ರೆಜಿಲ್‌ನಲ್ಲಿ ಫೋನ್ ನಂಬರು ಹೇಳುವಾಗ ಆರಕ್ಕೆ ಬದಲಾಗಿ, ಅರ್ಧ ಡಜನ್ ಎಂಬ ಅರ್ಥದಲ್ಲಿ, ‘ಮೇಯ’ ಎನ್ನುತ್ತಾರೆಂದು ತಿಳಿದದ್ದೂ ಇಲ್ಲಿಯೇ.

ಬರವಣಿಗೆಯ ಭಾಗ ಮಾತ್ರ ಸೊರಗಿದೆ. ಪೋರ್ಚುಗೀಸಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುವುದರಿಂದ ಒಂದೂವರೆ ಯೂರೋವನ್ನು 1,50 ಎಂದೇ ಬರೆಯಬೇಕು; ಆದರೆ ಅಭ್ಯಾಸದ ಹಾಳೆಗಳಲ್ಲೆಲ್ಲ ಇಂಗ್ಲಿಷ್ ಕ್ರಮದಲ್ಲಿ 1.50 ಎಂದು ಅಚ್ಚಾಗಿತ್ತು. ಇದಕ್ಕಿಂತ ದೊಡ್ಡ ಲೋಪವೆಂದರೆ, ನೂರು ಕೋಟಿಗೆ ಬ್ರೆಜಿಲ್‌ನ ‘ಬಿಲ್ಯಾಂವ್’ ಪದವನ್ನಷ್ಟೇ ಕಲಿಸಿ, ಪೋರ್ಚುಗಲ್‌ನಲ್ಲಿ ಅದನ್ನು ‘ಸಾವಿರ ಮಿಲಿಯನ್’ ಎಂದು ಹೇಳುತ್ತಾರೆ, ಅಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿ ಎಂಬುದನ್ನು ಪ್ರಸ್ತಾಪಿಸದೇ ಬಿಟ್ಟದ್ದು. ಲೆಕ್ಕಪತ್ರದ ಕೆಲಸಕ್ಕೆ ಹೋಗುವವರು ಈ ಭಾಗವನ್ನು ಬೇರೆಡೆ ಕಲಿಯಬೇಕು. ಮಾತಿಗಾಗಿ ಸೇರುವವರಿಗೆ ಕೊಟ್ಟ ಶುಲ್ಕ ದಂಡವಾಗದು.